ಹಿಂದಿರುಗಿ ಬಂದ ಕೆಂಪು ಲಕೋಟೆ

ಚೀನಾದ ವೀಚಾಟ್ ಆ್ಯಪ್‌ನಲ್ಲಿ ಉಡುಗೊರೆ ಹಣವಿಟ್ಟು ಕಳುಹಿಸಿದ ಕೆಂಪು ಲಕೋಟೆಯನ್ನು 24 ಗಂಟೆಯೊಳಗೆ ತೆರೆಯದಿದ್ದರೆ ಹಣ ತಾನಾಗಿಯೇ ಕಳುಹಿಸಿದವರ ಖಾತೆಗೆ ಮರಳುತ್ತದೆ. 2016ರ ಏಪ್ರಿಲ್‌ನ ಒಂದು ಬೆಳಿಗ್ಗೆ ಚೆಂಗ್ಡುವಿನ ನನ್ನ ಬಾಡಿಗೆ ಮನೆಯಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗ ಮೊಬೈಲ್ ಸದ್ದು ಮಾಡಿತು. ಹಿಂದಿನ ದಿನ ಕೆಳಮನೆಯ ಆಯಿಗೆ ಕಳುಹಿಸಿದ್ದ 200 ಯುವಾನ್ ವಾಪಸು ಬಂದಿತ್ತು. ಬೇಡವೆಂದು ಅವರು ಬರೆದಿರಲಿಲ್ಲ, ಮುನಿಸು ತೋರಿಸಿರಲಿಲ್ಲ, ಒಂದು ನಗುಮುಖದ ಚಿತ್ರವನ್ನೂ ಹಾಕಿರಲಿಲ್ಲ. ಸುಮ್ಮನೆ ತೆರೆದಿರಲಿಲ್ಲ, ಅಷ್ಟೆ. ಆ ‘ಸುಮ್ಮನೆ’ಯ ಒಳಗೆ ಏನಿತ್ತು ಎಂಬುದನ್ನು ತಿಳಿಯಲು ನಾನು ಆ ಊರಿನಲ್ಲಿ ಕಳೆದ ಉಳಿದ ಮೂರು ವರ್ಷವೂ ಬೇಕಾಯಿತು.

ಚೆಂಗ್ಡು ಸಿಚುವಾನ್ ಪ್ರಾಂತದ ರಾಜಧಾನಿ. 2015ರಿಂದ 2019ರವರೆಗೆ ಅಲ್ಲಿದ್ದೆ. ಕಾರ್ಖಾನೆಗಳಿಂದ ಕೊಳ್ಳುವ ವಾಲ್ವ್‌ಗಳ ಗುಣಮಟ್ಟ ಪರೀಕ್ಷಿಸುವುದು ನನ್ನ ಕೆಲಸ. ಮನೆ ಇದ್ದದ್ದು ಲಿಫ್ಟ್ ಇಲ್ಲದ ಆರು ಮಹಡಿಯ ಹಳೆಯ ಕಟ್ಟಡದಲ್ಲಿ. ನಾನು ಐದನೆಯ ಮಹಡಿ, ಆಯಿ ಮತ್ತು ಶೂಶೂ ನಾಲ್ಕನೆಯದು. ‘ಆಯಿ’ ಎಂದರೆ ಚೀನೀ ಭಾಷೆಯಲ್ಲಿ ಚಿಕ್ಕಮ್ಮ, ‘ಶೂಶೂ’ ಎಂದರೆ ಚಿಕ್ಕಪ್ಪ. ಹೆತ್ತವರ ವಯಸ್ಸಿನ ನೆರೆಯವರನ್ನು ಹೆಸರು ಹಿಡಿದು ಕರೆಯುವ ರೂಢಿ ಅಲ್ಲಿಲ್ಲ. ಅವರಿಗೆ ನಾನು ‘ಯಾವ್‌ಮೆಯ್’. ಸಿಚುವಾನಿನ ಮಾತಿನಲ್ಲಿ ಅದು ಮನೆಯ ಎಲ್ಲರಿಗಿಂತ ಕಿರಿಯ ತಂಗಿ.

ಆ ಮಾರ್ಚ್ ಕೊನೆಯ ಒಂದು ರಾತ್ರಿ ನನಗೆ ತಡೆಯಲಾಗದ ಹೊಟ್ಟೆನೋವು ಬಂತು. ಅಪೆಂಡಿಕ್ಸ್. ಮೆಟ್ಟಿಲಿಳಿದು ನಾಲ್ಕನೆಯ ಮಹಡಿಯ ಬಾಗಿಲು ಬಡಿದದ್ದಷ್ಟೇ ನೆನಪಿದೆ. ಆಯಿ ರಾತ್ರಿಯ ಉಡುಪಿನ ಮೇಲೆಯೇ ಕೋಟು ಹಾಕಿಕೊಂಡು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಹೋದರು. ಶಸ್ತ್ರಚಿಕಿತ್ಸೆಗೆ ಮೊದಲು ಕಟ್ಟಬೇಕಾದ 5000 ಯುವಾನ್ ಮುಂಗಡವನ್ನು ತಮ್ಮ ಕಾರ್ಡಿನಿಂದ ಕಟ್ಟಿದರು. ಅಲ್ಲಿನ ಆಸ್ಪತ್ರೆಗಳಲ್ಲಿ ರೋಗಿಯ ಆರೈಕೆಗೆ, ಊಟಕ್ಕೆ ಮನೆಯವರೇ ಜೊತೆಗಿರಬೇಕು. ನನಗೆ ಮನೆಯವರೆಂದು ಅಲ್ಲಿ ಯಾರಿದ್ದರು? ಐದು ದಿನ ಬೆಳಿಗ್ಗೆ ಸಂಜೆ ಫ್ಲಾಸ್ಕಿನಲ್ಲಿ ಬಿಸಿ ಅಕ್ಕಿಗಂಜಿ ಬರುತ್ತಿತ್ತು. ಗಂಜಿಯ ಮೇಲಿನ ತಿಳಿಯನ್ನು ಮೊದಲ ದಿನ ಅವರೇ ಚಮಚದಲ್ಲಿ ಕುಡಿಸಿದರು.

ಮನೆಗೆ ಬಂದ ದಿನವೇ 5000 ಯುವಾನ್ ಮರಳಿಸಿದೆ, ತೆಗೆದುಕೊಂಡರು. ಮರುದಿನ ದುಬಾರಿ ಚಹಾದ ಪೆಟ್ಟಿಗೆಯೊಂದನ್ನು ಕೈಗಿತ್ತೆ. ಮೂರು ಸಲ ಬೇಡವೆಂದು ಕೊನೆಗೆ ಎರಡೂ ಕೈ ಚಾಚಿ ತೆಗೆದುಕೊಂಡರು. ಅದೇ ಹೊತ್ತಿಗೆ ಕೆಂಪು ಲಕೋಟೆಯನ್ನೂ ಕಳುಹಿಸಿದೆ. ಒಂದು ಲಕೋಟೆಯಲ್ಲಿ ಹಾಕಬಹುದಾದ ಗರಿಷ್ಠ ಮೊತ್ತ 200; ಅಷ್ಟನ್ನೂ ಹಾಕಿದ್ದೆ. ಯಾರ ಹಂಗಿನಲ್ಲೂ ಇರಬಾರದು ಎಂದು ಕಲಿತು ಬೆಳೆದವಳು ನಾನು. ಅದು ಬಹಳ ಸರಿಯಾದ ನಡತೆ ಎಂದೇ ನಂಬಿದ್ದೆ.

ಆಮೇಲೆ ಮೆಟ್ಟಿಲಲ್ಲಿ ಎದುರಾದಾಗ ಅವರು ‘ನೀಹಾವ್’ ಎಂದರು. ಅದುವರೆಗೆ ಅವರು ನನಗೆ ಎಂದೂ ನೀಹಾವ್ ಹೇಳಿದವರಲ್ಲ. ‘ಉಂಡೆಯಾ’, ‘ಎಲ್ಲಿಗೆ ಹೊರಟೆ’, ‘ಇಷ್ಟು ತೆಳ್ಳಗಿನ ಅಂಗಿಯೇ’ ಎನ್ನುತ್ತಿದ್ದರು. ನೀಹಾವ್ ಅಪರಿಚಿತರಿಗೆ ಹೇಳುವ ನಮಸ್ಕಾರದ ಮಾತು. ಎರಡು ವಾರ ನೀಹಾವ್ ಕೇಳಿ ಕೇಳಿ ನನ್ನ ಎದೆ ಭಾರವಾಯಿತು.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಸಹೋದ್ಯೋಗಿಗೆ ಹೇಳಿಕೊಂಡೆ. ಆಕೆ ಚೆಂಗ್ಡುವಿನವಳೇ. ಎಲ್ಲವನ್ನೂ ಕೇಳಿ, ‘ನೀವು ಬಿಲ್ ಕೊಟ್ಟುಬಿಟ್ಟಿರಿ. ಬಿಲ್ ಕೊಟ್ಟ ಮೇಲೆ ಎದ್ದು ಹೋಗುವುದಷ್ಟೇ ಉಳಿಯುತ್ತದೆ’ ಎಂದಳು. ಐದು ಸಾವಿರ ಹಣದ ಲೆಕ್ಕ, ಅದು ತೀರಬೇಕಾದ್ದೇ. ಗಂಜಿಗೂ ಲೆಕ್ಕ ಹಾಕಿದ್ದು ತಪ್ಪು. ಅದನ್ನೂ ಮರುದಿನವೇ ತೀರಿಸಹೊರಟದ್ದು ಇನ್ನೂ ದೊಡ್ಡ ತಪ್ಪು. ‘ಅವರು ಲಕೋಟೆ ತೆರೆಯದೆ ನಿಮ್ಮ ಮುಖ ಉಳಿಸಿದ್ದಾರೆ. ತೆರೆದಿದ್ದರೆ ಎಲ್ಲ ಮುಗಿಯುತ್ತಿತ್ತು’ ಎಂದೂ ಸೇರಿಸಿದಳು. ಈಗ ಏನು ಮಾಡಲಿ ಎಂದೆ. ‘ಹೋಗಿ ಏನನ್ನಾದರೂ ಬೇಡಿ. ಅಂಗಡಿಯಲ್ಲಿ ಸಿಗದಂಥದ್ದು.’

ಚೀನಾದ ಸಂಬಂಧಜಾಲದ ಬಗ್ಗೆ ಮಾತನಾಡುವಾಗ ಎಲ್ಲರೂ ‘ಗ್ವಾನ್‌ಶಿ’ ಎಂಬ ಪದವನ್ನು ಎತ್ತುತ್ತಾರೆ. ಅದರಲ್ಲಿ ಎರಡು ಅಕ್ಷರಗಳಿವೆ. ಮೊದಲನೆಯದರ ಹಳೆಯ ಅರ್ಥ ಬಾಗಿಲಿನ ಅಗುಳಿ, ಎರಡನೆಯದು ಕಟ್ಟು, ಗಂಟು. ಅದರ ಜೊತೆ ಸದಾ ಬರುವ ಇನ್ನೊಂದು ಪದ ‘ರೆನ್‌ಚಿಂಗ್’. ಮನುಷ್ಯರ ನಡುವಿನ ಭಾವವೂ ಅದೇ, ಒಬ್ಬರಿಗೊಬ್ಬರು ಮಾಡಿದ ಉಪಕಾರದ ಬಾಕಿಯೂ ಅದೇ. ನಮ್ಮ ಮುಯ್ಯಿ, ಹಂಗು, ದಾಕ್ಷಿಣ್ಯ ಮೂರನ್ನೂ ಒಂದೇ ಪಾತ್ರೆಗೆ ಸುರಿದರೆ ಸಿಗುವ ಪದ. ಅದರ ಮುಂದೆ ‘ಸಾಲವಿದೆ’ ಎಂಬ ಕ್ರಿಯಾಪದವೂ ಬರುತ್ತದೆ, ‘ತೀರಿಸು’ ಎಂಬುದೂ ಬರುತ್ತದೆ. ಆದರೆ ಪೂರ್ತಿ ತೀರಿತು ಎಂಬ ದಿನ ಬರಬಾರದು. ಕೊಟ್ಟಷ್ಟನ್ನೇ ತಕ್ಷಣ ಹಿಂದೆ ಕೊಟ್ಟರೆ ಸಂಬಂಧ ಕಡಿದುಕೊಂಡಂತೆ. ಕಾಲ ಬಿಟ್ಟು, ಸ್ವಲ್ಪ ಹೆಚ್ಚೋ ಕಡಿಮೆಯೋ ಮಾಡಿ ಕೊಡಬೇಕು. ಆಗ ಯಾರದ್ದಾದರೊಬ್ಬರದು ಬಾಕಿ ಉಳಿಯುತ್ತದೆ, ಬಾಗಿಲು ತೆರೆದಿರುತ್ತದೆ.

ಏನನ್ನು ಬೇಡಲಿ ಎಂದು ಎರಡು ದಿನ ಯೋಚಿಸಿದೆ. ಆಯಿಯ ಅಡುಗೆಮನೆಯ ಮೂಲೆಯಲ್ಲಿ ಮೊಣಕಾಲೆತ್ತರದ ಮಣ್ಣಿನ ಭರಣಿಯೊಂದಿತ್ತು. ಸಿಚುವಾನಿನ ಪಾವ್‌ಚಾಯ್ ಉಪ್ಪಿನಕಾಯಿ ಹಾಕುವ ಭರಣಿ. ಅದರ ಕತ್ತಿನ ಸುತ್ತ ಕಾಲುವೆಯಂತೆ ಒಂದು ಅಂಚು ಇರುತ್ತದೆ. ಅದರಲ್ಲಿ ನೀರು ತುಂಬಿ, ಬಟ್ಟಲಿನಂಥ ಮುಚ್ಚಳವನ್ನು ಬೋರಲು ಹಾಕುತ್ತಾರೆ. ಒಳಗೆ ಹುಳಿ ಬರುವಾಗ ಹುಟ್ಟುವ ಗಾಳಿ ಆ ನೀರನ್ನು ತಳ್ಳಿಕೊಂಡು ಗುಳುಕ್ಕೆಂದು ಹೊರಗೆ ಬರುತ್ತದೆ. ಹೊರಗಿನ ಗಾಳಿ ಒಳಗೆ ಹೋಗಲಾರದು. ನೀರು ಆರದಂತೆ ಕೆಲವು ದಿನಕ್ಕೊಮ್ಮೆ ತುಂಬುತ್ತಿರಬೇಕು. ಮೂಲಂಗಿ, ಎಲೆಕೋಸು, ಉದ್ದನೆಯ ಅಲಸಂದೆ, ಎಳೆ ಶುಂಠಿ, ಮೆಣಸಿನಕಾಯಿ ಎಲ್ಲವನ್ನೂ ಅದರೊಳಗೆ ಹಾಕಿ ತೆಗೆಯುತ್ತಲೇ ಇರುತ್ತಾರೆ, ಉಪ್ಪುನೀರನ್ನು ಮಾತ್ರ ಎಂದೂ ಚೆಲ್ಲುವುದಿಲ್ಲ. ಹಳತಾದಷ್ಟೂ ಅದಕ್ಕೆ ಬೆಲೆ. ಹೊಸ ಭರಣಿ ಹೂಡುವವರು ನೆರೆಮನೆಯಿಂದ ಆ ಹಳೆಯ ಉಪ್ಪುನೀರನ್ನು ಹೆಪ್ಪಿನಂತೆ ಕೇಳಿ ತರುತ್ತಾರೆ.

ಮಾರುಕಟ್ಟೆಯಿಂದ ಒಂದು ಪುಟ್ಟ ಭರಣಿ ಕೊಂಡು ತಂದು, ಅದನ್ನು ಎದೆಗವಚಿಕೊಂಡು ನಾಲ್ಕನೆಯ ಮಹಡಿಯ ಬಾಗಿಲು ತಟ್ಟಿದೆ. ‘ಆಯಿ, ಒಂದು ಸೌಟು ಹಳೆಯ ಉಪ್ಪುನೀರು ಕೊಡುತ್ತೀರಾ?’

ಅವರು ಭರಣಿಯನ್ನು ತಿರುಗಿಸಿ ನೋಡಿದರು, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ‘ಇದನ್ನು ಎಷ್ಟಕ್ಕೆ ತಂದೆ? ಮೋಸ ಹೋಗಿದ್ದೀಯ. ಅಂಚು ಎಷ್ಟು ತೆಳ್ಳಗಿದೆ ನೋಡು. ಒಳಗೆ ಬಾ. ಉಂಡೆಯಾ?’

ಆ ಉಪ್ಪುನೀರು ಅವರ ಅತ್ತೆಯ ಭರಣಿಯಿಂದ ಬಂದದ್ದು, ಅವರ ಮದುವೆಗಿಂತ ಹಳೆಯದು. ಎಣ್ಣೆಯ ಪಸೆ ತಾಗಿದರೆ ಕೆಡುತ್ತದೆಂದು ಅದಕ್ಕೇ ಮೀಸಲಾದ ಸೌಟು, ಅದಕ್ಕೇ ಮೀಸಲಾದ ಚಾಪ್‌ಸ್ಟಿಕ್. ಒಂದು ಸೌಟು ಕೇಳಿದ್ದಕ್ಕೆ ಮೂರು ಸೌಟು ಸುರಿದರು. ಅವರ ಭರಣಿಯಲ್ಲಿ ಅದು ಕಡಿಮೆಯಾಗಲಿಲ್ಲ. ಬಿಸಿನೀರು ಆರಿಸಿ, ಉಪ್ಪು ಬೆರೆಸಿ ತುಂಬಿದರಾಯಿತು, ವಾರದಲ್ಲಿ ಅದೂ ಹಳೆಯದೇ ಆಗುತ್ತದೆ. ದಾವ್ (ದಾರಿ) ಪಂಥದ ಮೂಲಗ್ರಂಥ ‘ದಾವ್ ದ ಜಿಂಗ್’ನ ಕೊನೆಯ, ಎಂದರೆ 81ನೆಯ ಅಧ್ಯಾಯದಲ್ಲಿ ಲಾವೋತ್ಸು ಹೇಳುವ ಮಾತು ಇದೇ: ಜ್ಞಾನಿ ಕೂಡಿಡುವುದಿಲ್ಲ, ಇತರರಿಗೆ ಕೊಟ್ಟಷ್ಟೂ ಅವನಲ್ಲಿ ಹೆಚ್ಚುತ್ತದೆ. ಆ ಸಾಲನ್ನು ನಾನು ಮೊದಲೇ ಓದಿದ್ದೆ. ಸೌಟಿನಿಂದ ಸುರಿಯುವುದನ್ನು ನೋಡಿದ್ದು ಅವತ್ತು.

ಕೆಲಸಕ್ಕೆ ಸೇರಿದಾಗ ಕಂಪನಿ ನಮಗೆ ಗ್ವಾನ್‌ಶಿ ಕುರಿತು ಅರ್ಧ ದಿನದ ತರಬೇತಿ ಕೊಟ್ಟಿತ್ತು. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಡಿ, ಬಾಗಿಲಿಗೆ ಮುಖ ಮಾಡಿದ ಕುರ್ಚಿ ಮುಖ್ಯ ಅತಿಥಿಗೆ, ನಿಮ್ಮ ಲೋಟದ ಅಂಚು ಹಿರಿಯರ ಲೋಟಕ್ಕಿಂತ ತಗ್ಗಿರಲಿ. ಎಲ್ಲವೂ ನಿಜ, ಎಲ್ಲವೂ ಉಪಯೋಗಕ್ಕೆ ಬಂತು. ಕಲಿಸಿದವರು ಇದಕ್ಕೆಲ್ಲ ಕನ್ಫ್ಯೂಷಿಯಸ್ ಮೂಲ ಎಂದರು. ಅರಸ-ಮಂತ್ರಿ, ತಂದೆ-ಮಗ, ಗಂಡ-ಹೆಂಡತಿ, ಅಣ್ಣ-ತಮ್ಮ, ಗೆಳೆಯ-ಗೆಳೆಯ ಎಂಬ ಐದು ಸಂಬಂಧಗಳು, ಪ್ರತಿಯೊಂದಕ್ಕೂ ಅದರದರ ಕರ್ತವ್ಯ. 1940ರ ದಶಕದಲ್ಲಿ ಸಮಾಜಶಾಸ್ತ್ರಜ್ಞ ಫೇ ಶಿಯಾವ್‌ಟುಂಗ್ ಚೀನೀ ಸಮಾಜವನ್ನು ನೀರಿಗೆ ಕಲ್ಲೆಸೆದಾಗ ಏಳುವ ಅಲೆಗಳಿಗೆ ಹೋಲಿಸಿದರು: ಪ್ರತಿ ಮನುಷ್ಯನೂ ತನ್ನ ಅಲೆಗಳ ನಡುವಿನ ಬಿಂದು, ಹೊರಗೆ ಹೋದಂತೆಲ್ಲ ಅಲೆ ತೆಳ್ಳಗಾಗುತ್ತದೆ, ಕರ್ತವ್ಯವೂ ತೆಳ್ಳಗಾಗುತ್ತದೆ. ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಸಿಕ್ಕಿಲ್ಲ. ಆದರೆ ಆ ಚಿತ್ರದಲ್ಲಿ ಕಲ್ಲನ್ನಷ್ಟೇ ನೋಡಿ ನೀರನ್ನು ಮರೆತರೆ ಹೇಗೆ? ಯಾರಿಗೆ ಯಾರು ಏನಾಗಬೇಕೆಂದು ಕನ್ಫ್ಯೂಷಿಯಸ್ ಹೇಳಿಕೊಟ್ಟರು. ಅದನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು, ಯಾವಾಗ ಕೈ ಸಡಿಲಿಸಬೇಕು ಎಂಬುದು ದಾವ್ ಪಂಥದ ಲಾವೋತ್ಸು ಮತ್ತು ಜ್ವಾಂಗ್‌ತ್ಸು ಕಡೆಯಿಂದ ಬಂದದ್ದು. ಚೆಂಗ್ಡುವಿನಲ್ಲಿ ಬದುಕಿ ನಾನು ತಲುಪಿದ ತೀರ್ಮಾನ ಇದು, ಮತ್ತು ಇದನ್ನು ಗಟ್ಟಿಯಾಗಿ ನಂಬುತ್ತೇನೆ.

ಆಯಿ ಲಾವೋತ್ಸುವನ್ನು ಓದಿದವರಲ್ಲ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ದಾವ್ ಪಂಥದ ಚಿಂಗ್‌ಯಾಂಗ್ ದೇಗುಲಕ್ಕೆ ಹೋಗಿ ಊದುಬತ್ತಿ ಹಚ್ಚಿ, ಅಲ್ಲಿನ ಕಂಚಿನ ಆಡಿನ ಮೈ ಸವರಿ, ಬರುವ ದಾರಿಯಲ್ಲಿ ಬೌದ್ಧರ ವೆನ್‌ಶೂ ವಿಹಾರದಲ್ಲಿಯೂ ಕೈಮುಗಿಯುತ್ತಿದ್ದರು. ಅವರಿಗೆ ಎರಡರ ನಡುವೆ ಗೋಡೆಯಿರಲಿಲ್ಲ. ಮಾತಿಗೊಮ್ಮೆ ‘ಶುನ್ ಚಿ ತ್ಸುರಾನ್’ ಎನ್ನುತ್ತಿದ್ದರು: ಅದರಷ್ಟಕ್ಕೆ ಅದು ಹೋಗುವ ಕಡೆ ಹೋಗಲಿ. ಮಗನಿಗೆ ಹೆಣ್ಣು ಸಿಗದಿದ್ದಾಗಲೂ ಅದೇ, ಹಾಲು ಉಕ್ಕಿ ಚೆಲ್ಲಿದಾಗಲೂ ಅದೇ.

ಓದಿದವರು ಶೂಶೂ. ನೀರಾವರಿ ಇಲಾಖೆಯಲ್ಲಿ ಅಳತೆಯ ಕೆಲಸ ಮಾಡಿ ನಿವೃತ್ತರಾಗಿದ್ದರು. ಬೆಳಿಗ್ಗೆ ಹತ್ತಿರದ ಉದ್ಯಾನಕ್ಕೆ ಹೋಗಿ ಕಲ್ಲುಹಾಸಿನ ಮೇಲೆ ನೀರಿನಿಂದ ಅಕ್ಷರ ಬರೆಯುತ್ತಿದ್ದರು. ಚೀನಾದ ಉದ್ಯಾನಗಳಲ್ಲಿ ಇದು ಹಿರಿಯರ ನಿತ್ಯದ ಅಭ್ಯಾಸ. ಪೊರಕೆಯಷ್ಟು ಉದ್ದದ ಹಿಡಿಕೆ, ತುದಿಯಲ್ಲಿ ಸ್ಪಂಜಿನ ಕುಂಚ, ಪಕ್ಕದಲ್ಲಿ ಒಂದು ಬಕೆಟ್ ನೀರು. ಒಂದು ಭಾನುವಾರ ಅವರು ಮೇಲಿಂದ ಕೆಳಗೆ ಹನ್ನೆರಡು ಅಕ್ಷರಗಳ ಒಂದು ಸಾಲು ಬರೆದು ಮುಗಿಸುವಾಗ ನಾನು ಅಲ್ಲಿದ್ದೆ. ಬೆಳಗಿನ ಬಿಸಿಲಿಗೆ ಮೊದಲ ಅಕ್ಷರದ ಅಂಚು ಆಗಲೇ ಆರತೊಡಗಿತ್ತು. ಅರ್ಥ ಕೇಳಿದೆ.

‘ಆದ್ದರಿಂದ ಜ್ಞಾನಿ ಎಡದ ತುಂಡನ್ನು ಕೈಯಲ್ಲಿ ಹಿಡಿದಿರುತ್ತಾನೆ, ಆದರೆ ಯಾರನ್ನೂ ಕೊಡು ಎಂದು ಪೀಡಿಸುವುದಿಲ್ಲ.’

‘ದಾವ್ ದ ಜಿಂಗ್’ನ 79ನೆಯ ಅಧ್ಯಾಯ. ಹಿಂದೆ ಸಾಲ ಕೊಟ್ಟಾಗ ಪತ್ರವನ್ನು ಮರದ ಅಥವಾ ಬಿದಿರಿನ ಪಟ್ಟಿಯ ಮೇಲೆ ಬರೆದು ಎರಡಾಗಿ ಸೀಳುತ್ತಿದ್ದರು ಎಂದು ಶೂಶೂ ವಿವರಿಸಿದರು. ಒಂದು ತುಂಡು ಕೊಟ್ಟವನ ಬಳಿ, ಇನ್ನೊಂದು ಪಡೆದವನ ಬಳಿ. ತುಂಡುಗಳನ್ನು ಜೋಡಿಸಿದಾಗ ಹಲ್ಲಿಗೆ ಹಲ್ಲು ಕೂಡಿದರೆ ಸಾಲ ನಿಜ. ಅದರ ಮುಂದಿನ ಸಾಲಿನಲ್ಲಿ ಲಾವೋತ್ಸು ಹೇಳುತ್ತಾನೆ: ಗುಣವುಳ್ಳವನು ಸಾಲಪತ್ರವನ್ನು ಕಾಯುತ್ತಾನೆ, ಗುಣವಿಲ್ಲದವನು ಕರ ವಸೂಲಿಗೆ ನಿಲ್ಲುತ್ತಾನೆ.

‘ಹಾಗಾದರೆ ಸಾಲ ಮನ್ನಾ ಎಂದರ್ಥವೇ?’ ಎಂದೆ.

‘ಸರಿಯಾಗಿ ಓದು. ಹಿಡಿದಿರುತ್ತಾನೆ ಎಂದಿದೆ. ಎಸೆಯುತ್ತಾನೆ ಎಂದಿಲ್ಲ’ ಎಂದರು ಶೂಶೂ. ‘ಎಸೆದರೆ ಇಬ್ಬರ ನಡುವೆ ಏನೂ ಉಳಿಯುವುದಿಲ್ಲ. ತೋರಿಸಿ ಕೇಳಿದರೆ ಸಾಹುಕಾರನಾಗುತ್ತಾನೆ. ಹಿಡಿದುಕೊಂಡು ಸುಮ್ಮನಿರುವುದು ಕಷ್ಟ.’ ಅಷ್ಟು ಹೇಳುವುದರೊಳಗೆ ಸಾಲಿನ ಮೇಲರ್ಧ ಕಲ್ಲಿನ ಮೇಲಿಂದ ಮಾಯವಾಗಿತ್ತು. ಅವರು ಕುಂಚ ಅದ್ದಿ ಮತ್ತೆ ಮೊದಲಿನಿಂದ ಬರೆದರು.

ತೆರೆಯದ ಲಕೋಟೆ ಆಗ ನನ್ನ ಕಣ್ಣಮುಂದೆ ಬಂತು. ಆಯಿ ತಮ್ಮ ತುಂಡನ್ನು ಕೆಳಗಿಡಲು ಒಪ್ಪಿರಲಿಲ್ಲ. ನನ್ನ ತುಂಡನ್ನು ನಾನು ಬಿಸಾಡಲು ಹೊರಟಿದ್ದೆ. ಅವರ ಹಜಾರದ ಗೋಡೆಯಲ್ಲಿ 18ನೆಯ ಶತಮಾನದ ಚಿತ್ರಕಾರ ಜೆಂಗ್ ಬಾನ್‌ಚ್ಯಾವ್ ಬರೆದ ನಾಲ್ಕು ಅಕ್ಷರಗಳ ಪ್ರತಿಯೊಂದು ತೂಗಾಡುತ್ತಿತ್ತು. ಚೀನಾದಲ್ಲಿ ಅದೆಷ್ಟು ಮನೆ, ಅಂಗಡಿ, ಕಚೇರಿಗಳಲ್ಲಿ ಅದನ್ನು ಕಂಡಿದ್ದೇನೋ. ‘ನಾನ್ ದ ಹೂಟು’. ಮಂಕಾಗಿರುವುದು ಸುಲಭವಲ್ಲ ಎಂದು ಪದಶಃ ಅರ್ಥ. ಕನ್ನಡದಲ್ಲಿ ಅದಕ್ಕೆ ನಮ್ಮದೇ ಮಾತಿದೆ: ಕಂಡೂ ಕಾಣದಂತಿರುವುದು. ಜಾಣನಾಗಿದ್ದೂ ಹಾಗಿರುವುದು ಇನ್ನೂ ಕಠಿಣ ಎಂದು ಅದರ ಕೆಳಗೆ ಆತನೇ ಬರೆದಿದ್ದಾನೆ. ಆಯಿ ನನ್ನ ಲಕೋಟೆಯನ್ನು ಕಂಡೂ ಕಾಣದಂತಿದ್ದರು.

ಮೇ ತಿಂಗಳಲ್ಲಿ ಶೂಶೂ ನಮ್ಮಿಬ್ಬರನ್ನೂ ದುಜಿಯಾಂಗ್‌ಯಾನ್‌ಗೆ ಕರೆದೊಯ್ದರು. ಚೆಂಗ್ಡುವಿನಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಕ್ರಿಸ್ತಪೂರ್ವ 256ರ ಸುಮಾರಿಗೆ ಲಿ ಬಿಂಗ್ ಎಂಬ ಅಧಿಕಾರಿ ಮಿನ್ ನದಿಯನ್ನು ಅಣೆಕಟ್ಟು ಕಟ್ಟದೆಯೇ ಪಳಗಿಸಿದ ಜಾಗ. ಅದು ಇವತ್ತಿಗೂ ಬಯಲಿಗೆ ನೀರುಣಿಸುತ್ತಿದೆ. ನದಿಯ ನಡುವೆ ಮೀನಿನ ಬಾಯಿಯ ಆಕಾರದ ಕಟ್ಟೆ ನೀರನ್ನು ಎರಡಾಗಿ ಸೀಳುತ್ತದೆ. ಒಳಗಿನ ಕವಲು ಕಿರಿದು, ಆಳ, ಹೊರಗಿನದು ಅಗಲ. ನೀರು ಕಡಿಮೆಯಿರುವಾಗ ಸುಮಾರು ಆರು ಪಾಲು ಒಳಗೆ ಬಂದು ಗದ್ದೆಗಳಿಗೆ ಹೋಗುತ್ತದೆ, ಪ್ರವಾಹ ಬಂದಾಗ ಆರು ಪಾಲು ಹೊರಗೆ ಹರಿದುಹೋಗುತ್ತದೆ. ಒಳಗೆ ನುಗ್ಗಿದ ಹೆಚ್ಚಿನ ನೀರೂ ಮರಳೂ ಒಂದು ತಗ್ಗು ಒಡ್ಡಿನ ಮೇಲೆ ಹಾಯ್ದು ಮತ್ತೆ ಹೊರಗಿನ ಕವಲು ಸೇರುತ್ತವೆ. ಹಿಂದೆ ಆ ಒಡ್ಡನ್ನು ಬಿದಿರ ಬುಟ್ಟಿಗಳಲ್ಲಿ ಕಲ್ಲು ತುಂಬಿ ಕಟ್ಟುತ್ತಿದ್ದರಂತೆ. ಮಹಾಪೂರ ಬಂದರೆ ಕೊಚ್ಚಿಕೊಂಡು ಹೋಗುತ್ತಿತ್ತು, ಮತ್ತೆ ಕಟ್ಟುತ್ತಿದ್ದರು.

ಮೇಲೆ ಗುಡ್ಡದಲ್ಲಿ ಲಿ ಬಿಂಗ್ ಮತ್ತು ಅವನ ಮಗನ ಹೆಸರಿನ ದಾವ್ ದೇಗುಲವಿದೆ. ಅದರ ಗೋಡೆಯಲ್ಲಿ ಆರು ಅಕ್ಷರಗಳನ್ನು ಕೆತ್ತಿದ್ದಾರೆ: ಪಾತ್ರವನ್ನು ಆಳವಾಗಿ ಹೂಳೆತ್ತು, ಒಡ್ಡನ್ನು ತಗ್ಗಾಗಿ ಕಟ್ಟು. ಶೂಶೂ ತಮ್ಮ ಇಡೀ ವೃತ್ತಿಜೀವನ ಈ ಆರು ಅಕ್ಷರಗಳಲ್ಲಿ ಕಳೆಯಿತು ಎಂದರು. ಹೂಳೆತ್ತುವ ಆಳ ತಿಳಿಯಲೆಂದು ನದಿಯ ತಳದಲ್ಲಿ ಕಬ್ಬಿಣದ ತೊಲೆಗಳನ್ನು ಹೂಳಿಟ್ಟಿದ್ದಾರೆ. ಅವು ಕಾಣುವವರೆಗೆ ಅಗೆಯಬೇಕು. ಆಯಿ ಕಲ್ಲಿನ ಮೇಲೆ ಕುಳಿತು ಕಿತ್ತಳೆ ಸುಲಿಯುತ್ತಿದ್ದವರು ತಲೆಯೆತ್ತದೆಯೇ, ‘ಸೊಸೆಯ ಜೊತೆಗೂ ಅದೇ ಲೆಕ್ಕ. ಒಡ್ಡು ಎತ್ತರಿಸಿದರೆ ಒಡೆಯುತ್ತದೆ’ ಎಂದರು. ಆ ವರ್ಷ ಅವರ ಮಗನ ಮದುವೆ ಗೊತ್ತಾಗಿತ್ತು.

ಇದೆಲ್ಲ ಬರೀ ಸುಂದರ ಎಂದು ಬರೆದರೆ ಅನ್ಯಾಯ. ನನ್ನ ಕೆಲಸದಲ್ಲಿ ಇದರ ಇನ್ನೊಂದು ಮುಖವನ್ನೂ ಕಂಡೆ. ಒಂದು ಕಾರ್ಖಾನೆಯ ವಾಲ್ವ್‌ಗಳನ್ನು ಒತ್ತಡ ಪರೀಕ್ಷೆಯಲ್ಲಿ ತಿರಸ್ಕರಿಸಿದ್ದೆ. ಆ ರಾತ್ರಿ ಅವರು ದೊಡ್ಡ ಔತಣ ಇಟ್ಟರು. ಮಾರಾಟದ ಮುಖ್ಯಸ್ಥರು ಒಂದೊಂದೇ ಲೋಟ ಬೈಜಿಯು ಎಂಬ ಕಡುಮದ್ಯ ಸುರಿದು ನನ್ನ ಮುಂದೆ ನಿಂತರು. ಬೇಡವೆಂದಾಗ ‘ನನ್ನ ಮುಖಕ್ಕೆ ಬೆಲೆಯಿಲ್ಲವೇ’ ಎಂದರು. ಮತ್ತೂ ಬೇಡವೆಂದಾಗ ಅಂಗಿಯ ತೋಳು ಮೇಲಕ್ಕೆ ಮಡಚಿ ನನ್ನ ಕೈಗೇ ಲೋಟ ತುರುಕಿದರು. ನಾನು ಕುಡಿಯಲಿಲ್ಲ, ವರದಿಯನ್ನೂ ಬದಲಿಸಲಿಲ್ಲ. ಮನೆಗೆ ಬಂದು ಲಾವೋತ್ಸುವಿನ 38ನೆಯ ಅಧ್ಯಾಯ ತೆರೆದಾಗ ಮೈ ಜುಮ್ಮೆಂದಿತು. ಉಪಚಾರವೇ ಸರ್ವಸ್ವ ಎಂದುಕೊಂಡವನು ತನ್ನ ಉಪಚಾರಕ್ಕೆ ಯಾರೂ ಸ್ಪಂದಿಸದಿದ್ದರೆ ತೋಳು ಮೇಲೇರಿಸಿ ಎಳೆದಾಡುತ್ತಾನೆ, ಎಂದು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಬರೆದಿದ್ದಾರೆ. ನಿಷ್ಠೆ, ನಂಬಿಕೆ ತೆಳ್ಳಗಾದಾಗ ಉಳಿಯುವ ಸಿಪ್ಪೆ ಈ ಉಪಚಾರ ಎಂದೂ ಅಲ್ಲೇ ಇದೆ.

ಲಾವೋತ್ಸುವನ್ನೇ ದಾಳವಾಗಿ ಬಳಸುವವರೂ ಇದ್ದಾರೆ. ‘ಪಡೆಯಬೇಕಾದರೆ ಮೊದಲು ಕೊಡಬೇಕು’ ಎಂಬ 36ನೆಯ ಅಧ್ಯಾಯದ ಮಾತನ್ನು ವ್ಯಾಪಾರದ ತಂತ್ರವೆಂದು ಹೇಳಿಕೊಡುತ್ತಾರೆ. ಕೊಡುವಾಗಲೇ ಕಣ್ಣು ವಾಪಸಿನ ಮೇಲಿದ್ದರೆ ಅದು ಗಾಳಕ್ಕೆ ಸಿಕ್ಕಿಸಿದ ಹುಳು. ಇನ್ನು ‘ಹಿಂಬಾಗಿಲು’ ಎಂದು ಅಲ್ಲಿನವರೇ ಕರೆಯುವ ದಾರಿ ಇದ್ದೇ ಇದೆ: ಪರಿಚಯವಿದ್ದವರಿಗೆ ತಜ್ಞ ವೈದ್ಯರ ಚೀಟಿ ಸಿಗುತ್ತಿತ್ತು, ಇಲ್ಲದವರು ನಸುಕಿನಲ್ಲೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಅಲೆಗಳ ನಡುವೆ ಹುಟ್ಟಿದವರಿಗೆ ಇದು ಬೆಚ್ಚಗಿನ ಲೋಕ. ಹಳ್ಳಿಯಿಂದ ಒಂಟಿಯಾಗಿ ಬಂದು ಕಟ್ಟಡ ಕಟ್ಟುವವನಿಗೆ ಅಲ್ಲ. ಅದನ್ನು ಯಾವ ದಾವ್ ಕೂಡ ಸರಿಮಾಡಿದ್ದನ್ನು ನಾನು ನೋಡಲಿಲ್ಲ.

ಶೂಶೂ ಅವರಿಗೆ ಒಬ್ಬ ಗೆಳೆಯರಿದ್ದರು, ಒಂದೇ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವರು. ಗುರುವಾರ ಮಧ್ಯಾಹ್ನ ಇಬ್ಬರೂ ಒಂದು ಚಹಾಮನೆಯ ಬಿದಿರ ಕುರ್ಚಿಗಳಲ್ಲಿ ಕೂರುತ್ತಿದ್ದರು. ಚೆಂಗ್ಡುವಿನ ಚಹಾ ಬರುವುದು ಮೂರು ಭಾಗದ ಗಾಯ್‌ವಾನ್ ಬಟ್ಟಲಿನಲ್ಲಿ: ಮುಚ್ಚಳ ಆಕಾಶ, ತಟ್ಟೆ ಭೂಮಿ, ನಡುವಿನ ಬಟ್ಟಲು ಮನುಷ್ಯ. ಚಹಾ ಬಟ್ಟಲಿನ ಏಳು ಪಾಲಷ್ಟೇ ಇರಬೇಕು, ಉಳಿದ ಮೂರು ಪಾಲು ಖಾಲಿ; ಆ ಖಾಲಿಯನ್ನೇ ರೆನ್‌ಚಿಂಗ್ ಎನ್ನುತ್ತಾರೆ. ಬಟ್ಟಲು ತುಂಬಿದರೆ ಹಿಡಿದವರ ಬೆರಳು ಸುಡುತ್ತದೆ. ಒಂದು ಗುರುವಾರ ರಜೆಯಿದ್ದುದರಿಂದ ನಾನೂ ಜೊತೆಗೆ ಹೋದೆ. ಮೂರು ಗಂಟೆಯಲ್ಲಿ ಅವರಿಬ್ಬರೂ ಆಡಿದ ಮಾತು ಹತ್ತು ವಾಕ್ಯ ಇರಬಹುದು. ಒಬ್ಬರು ಮುಚ್ಚಳದ ಅಂಚಿನಿಂದ ಮಲ್ಲಿಗೆಯ ಎಸಳುಗಳನ್ನು ಪಕ್ಕಕ್ಕೆ ಸರಿಸಿ ಹೀರುತ್ತಿದ್ದರು, ಇನ್ನೊಬ್ಬರು ಪತ್ರಿಕೆಯನ್ನು ಎರಡಾಗಿ ಮಡಚಿ ಅರ್ಧ ಈಚೆಗೆ ಕೊಡುತ್ತಿದ್ದರು. ಸಜ್ಜನರ ಸ್ನೇಹ ನೀರಿನಷ್ಟು ಸಪ್ಪೆ, ಅಲ್ಪರ ಸ್ನೇಹ ಮದ್ಯದಷ್ಟು ಸಿಹಿ ಎಂದು ಜ್ವಾಂಗ್‌ತ್ಸು ಹೇಳಿದ್ದು ಈ ಸಪ್ಪೆಯನ್ನೇ ಇರಬೇಕು.

2017ರಲ್ಲಿ ಆ ಗೆಳೆಯರು ಮೊಮ್ಮಗನನ್ನು ನೋಡಿಕೊಳ್ಳಲು ಷೆನ್‌ಜೆನ್‌ಗೆ ಹೋದರು. ಶೂಶೂ ಅವರಿಗೆ ಫೋನ್ ಮಾಡಿದ್ದನ್ನು ನಾನು ಕಾಣಲಿಲ್ಲ. ಬೇಸರವಿಲ್ಲವೇ ಎಂದು ಕೇಳಿಯೇಬಿಟ್ಟೆ. ಅವರು ಮೀನುಗಳ ಕಥೆ ಹೇಳಿದರು. ಕೊಳ ಬತ್ತಿದಾಗ ಮೀನುಗಳು ನೆಲದ ಮೇಲೆ ಬಿದ್ದು ಒಂದನ್ನೊಂದು ಎಂಜಲಿನಿಂದ ತೇವ ಮಾಡಿಕೊಳ್ಳುತ್ತವೆ. ಅದಕ್ಕಿಂತ ಹೊಳೆ ಸರೋವರಗಳಲ್ಲಿ ಈಜುತ್ತ ಒಂದನ್ನೊಂದು ಮರೆತಿರುವುದು ಮೇಲು. ಚೀನಾದಲ್ಲಿ ಈ ಕಥೆಯ ಮೊದಲರ್ಧ ನಾಣ್ಣುಡಿಯಾಗಿಬಿಟ್ಟಿದೆ, ಕಷ್ಟದಲ್ಲಿ ಕೈಬಿಡದ ವೃದ್ಧ ದಂಪತಿಯನ್ನು ಹೊಗಳುವಾಗ ಹೇಳುತ್ತಾರೆ. ಜ್ವಾಂಗ್‌ತ್ಸುಗೆ ಬೇಕಾಗಿದ್ದದ್ದು ಎರಡನೆಯ ಅರ್ಧ. ‘ಅವನು ಈಗ ದೊಡ್ಡ ನೀರಿನಲ್ಲಿದ್ದಾನೆ’ ಎಂದರು ಶೂಶೂ. ಆ ಮಾತು ಆಗ ನನಗೆ ಕ್ರೂರವೆನಿಸಿತು. ಮುಂದಿನ ವರ್ಷ ವಸಂತ ಹಬ್ಬಕ್ಕೆ ಗೆಳೆಯರು ಊರಿಗೆ ಬಂದರು. ಚಹಾಮನೆಯಲ್ಲಿ ಅದೇ ಕುರ್ಚಿ. ‘ಬಂದೆಯಾ?’ ‘ಬಂದೆ.’ ಪತ್ರಿಕೆಯ ಅರ್ಧ ಈಚೆ ಬಂತು. ಎದ್ದು ಹೊರಡುವಾಗ ಹಣ ಕೊಡಲು ಇಬ್ಬರೂ ಸ್ವಲ್ಪ ಹೊತ್ತು ಜಗ್ಗಾಡಿದರು. ಈ ಸಲ ಶೂಶೂ ಸೋತು ಕೈಬಿಟ್ಟರು. ಮುಂದಿನ ಸಲ ಅವರ ಸರದಿ.

2019ರ ಜೂನ್‌ನಲ್ಲಿ ನಾನು ಚೆಂಗ್ಡು ಬಿಟ್ಟೆ. ಹೊರಡುವ ಹಿಂದಿನ ದಿನ ಆಯಿಗೆ ಏನನ್ನೂ ಕೊಡಲಿಲ್ಲ. ಕೊಡಬೇಕೆಂಬ ಕೈಯನ್ನು ಬಲವಂತವಾಗಿ ತಡೆದುಕೊಂಡೆ. ಅವರು ಬಾಗಿಲಲ್ಲೇ ನಿಂತು, ಉಂಡೆಯಾ ಎಂದು ಕೇಳಿದರು. ಉಂಡೆ ಎಂದೆ. ನನ್ನ ಭರಣಿಯನ್ನು ವಿಮಾನದಲ್ಲಿ ತರುವಂತಿರಲಿಲ್ಲ. ನನ್ನ ನಂತರ ಆ ಮನೆಗೆ ಬಾಡಿಗೆಗೆ ಬಂದವಳು ಗಾನ್ಸು ಪ್ರಾಂತದ ಒಬ್ಬ ಯುವ ದಾದಿ. ಅಂಚಿನ ನೀರು ಆರಬಾರದು, ಎಣ್ಣೆ ಮುಟ್ಟಿದ ಕೈ ಹಾಕಬಾರದು ಎಂದು ಹೇಳಿ ಅವಳಿಗೇ ಬಿಟ್ಟುಬಂದೆ.

ಆಮೇಲೆ ಆಯಿಯಿಂದ ಐದು ತಿಂಗಳು ಒಂದು ಸುದ್ದಿಯೂ ಇರಲಿಲ್ಲ. ನಾನೂ ಬರೆಯಲಿಲ್ಲ. ನವೆಂಬರ್‌ನ ಒಂದು ಸಂಜೆ ವೀಚಾಟ್‌ನಲ್ಲಿ ಒಂದು ಫೋಟೊ ಬಂತು: ತೆಳ್ಳನೆಯ ಅಂಚಿನ ಆ ಪುಟ್ಟ ಭರಣಿ, ಒಳಗೆ ಉಪ್ಪುನೀರಿನ ಮೇಲೆ ಬಿಳಿಯ ಪೊರೆ. ಹಾಗೆ ಪೊರೆ ಕಟ್ಟುವುದನ್ನು ಸಿಚುವಾನಿನಲ್ಲಿ ಹೂ ಬಿಡುವುದು ಎನ್ನುತ್ತಾರೆ. ಫೋಟೊದ ಕೆಳಗೆ ಆಯಿ ಬರೆದಿದ್ದರು: ‘ಯಾವ್‌ಮೆಯ್, ನಿನ್ನ ಭರಣಿ ಹೂ ಬಿಟ್ಟಿತ್ತು. ಆ ಹುಡುಗಿ ಹೆದರಿ ಕೆಳಗೆ ಹೊತ್ತು ತಂದಳು. ಪೊರೆ ತೆಗೆದು ಸ್ವಲ್ಪ ಬೈಜಿಯು ಸುರಿದಿದ್ದೇನೆ. ಈಗ ಸರಿಯಾಗಿದೆ.’

ಉಪ್ಪು ಕಡಿಮೆಯಾಗಿತ್ತೇ ಎಂದು ಕೇಳಿದೆ.

‘ಕಡಿಮೆಯೇ ಆಗಿತ್ತು’ ಎಂದು ಬರೆದರು.